ಹುಚ್ಚನ ವೇಷದಲ್ಲೊಬ್ಬ ದಾರ್ಶನಿಕ

1600ರ ಈಸ್ಟರ್ ಹಬ್ಬದ ಬೆಳಿಗ್ಗೆ ನೇಪಲ್ಸ್ ನಗರದ ಕ್ಯಾಸ್ಟೆಲ್ ನುವೊವೊ ಕೋಟೆಯ ಸೆರೆಮನೆಯಲ್ಲಿ ಡೊಮಿನಿಕನ್ ಎಂಬ ಕ್ಯಾಥೊಲಿಕ್ ಸಂಘದ 31 ವರ್ಷದ ಸನ್ಯಾಸಿಯೊಬ್ಬ ತನ್ನ ಹಾಸಿಗೆಗೆ ತಾನೇ ಬೆಂಕಿ ಹಚ್ಚಿದ. ಅಂದಿನಿಂದ ಒಂದು ವರ್ಷಕ್ಕೂ ಮಿಕ್ಕಿ, ನ್ಯಾಯಾಧೀಶರು ಏನು ಕೇಳಿದರೂ ಆತ ಸಂಬಂಧವಿಲ್ಲದ್ದನ್ನು ಒದರುತ್ತ, ಹುಚ್ಚನಾಗಿಯೇ ದಿನ ಕಳೆದ. ಅವನ ಹೆಸರು ತೊಮ್ಮಾಸೊ ಕಾಂಪನೆಲ್ಲ. ಯುರೋಪಿನ ಪುನರುಜ್ಜೀವನ ಕಾಲದ ಕೊನೆಯ ದೊಡ್ಡ ದಾರ್ಶನಿಕರಲ್ಲಿ ಒಬ್ಬನೆಂದು ಅವನನ್ನು ಎಣಿಸುತ್ತಾರೆ. ಬದುಕಿನಲ್ಲಿ 27 ವರ್ಷಗಳನ್ನು ಒಂದೇ ಸಮನೆ ನೇಪಲ್ಸಿನ ಕೋಟೆಗಳಲ್ಲಿ ಕಳೆದವನೆಂದೂ, ‘ಸೂರ್ಯನಗರ’ ಎಂಬ ಕಲ್ಪಿತ ರಾಜ್ಯದ ಕರ್ತೃವೆಂದೂ ಚರಿತ್ರೆಯ ಪುಸ್ತಕಗಳು ಅವನನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಆ ಎರಡು ಸಾಲುಗಳ ನಡುವೆ ಒಂದು ತೊಡಕಿದೆ. ಈ ಬರಹ ಅದರ ಬಗ್ಗೆ.

ಆಗ ಅವನ ಮೇಲಿದ್ದದ್ದು ಸ್ಪೇನಿನ ವಿರುದ್ಧ ದಂಗೆಯ ಸಂಚಿನ ಆರೋಪ (ಅದರ ಕತೆ ಮುಂದೆ ಬರುತ್ತದೆ), ಜೊತೆಗೆ ಧರ್ಮದ್ರೋಹದ್ದು. ಹುಚ್ಚಿನ ವೇಷ ಏಕೆ ಬೇಕಾಯಿತು ಎಂದು ತಿಳಿಯಲು ಆ ಕಾಲದ ಚರ್ಚಿನ ಕಾನೂನನ್ನು ನೋಡಬೇಕು. 1595ರಲ್ಲಿ ಕಾಂಪನೆಲ್ಲ ರೋಮಿನಲ್ಲಿ, ಧರ್ಮದ್ರೋಹದ ಗಾಢ ಸಂಶಯಕ್ಕೆ ಗುರಿಯಾಗಿ, ತನ್ನ ತಪ್ಪು ಮತಗಳನ್ನೆಲ್ಲ ತ್ಯಜಿಸಿದ್ದೇನೆಂದು ಸಾರ್ವಜನಿಕವಾಗಿ ಆಣೆ ಮಾಡಿದ್ದ. ಹಾಗೆ ಒಮ್ಮೆ ಆಣೆ ಮಾಡಿದವನ ಮೇಲೆ ಮತ್ತೆ ಧರ್ಮದ್ರೋಹ ಸಾಬೀತಾದರೆ, ಧರ್ಮದ್ರೋಹವನ್ನು ವಿಚಾರಿಸುವ ಚರ್ಚಿನ ನ್ಯಾಯಾಲಯವಾದ ಇನ್‌ಕ್ವಿಸಿಷನ್ನಿನ ಲೆಕ್ಕದಲ್ಲಿ ಅವನು ಮರಳಿ ಬಿದ್ದವನು. ಪಶ್ಚಾತ್ತಾಪ ಪಟ್ಟರೂ ಪ್ರಾಣ ಉಳಿಯುವುದಿಲ್ಲ. ಆದರೆ ಬುದ್ಧಿ ಕೆಟ್ಟವನು ಪಶ್ಚಾತ್ತಾಪ ಪಡಲಾರ, ಪಶ್ಚಾತ್ತಾಪವಿಲ್ಲದೆ ಸತ್ತವನ ಆತ್ಮ ನರಕಕ್ಕೆ ಹೋಗುತ್ತದೆ, ಅಂಥವನನ್ನು ಕೊಲ್ಲಿಸಿದ ಪಾಪ ನ್ಯಾಯಾಧೀಶರ ತಲೆಗೆ ಬರುತ್ತದೆ. ಆದ್ದರಿಂದ ಹುಚ್ಚನನ್ನು ಸುಡುವಂತಿಲ್ಲ. ಬದುಕುವುದಕ್ಕೆ ಉಳಿದಿದ್ದ ಸಂದು ಅಷ್ಟೇ. 1600ರ ಫೆಬ್ರವರಿ 17ರಂದು ರೋಮಿನ ಕಾಂಪೊ ದೆ ಫಿಯೊರಿ ಚೌಕದಲ್ಲಿ ದಾರ್ಶನಿಕ ಜೋರ್ಡಾನೊ ಬ್ರೂನೊನನ್ನು ಧರ್ಮದ್ರೋಹಿಯೆಂದು ಜೀವಂತ ಸುಟ್ಟಿದ್ದರು. ಬ್ರೂನೊ ಕೂಡ ನೇಪಲ್ಸ್ ರಾಜ್ಯದವನು, ಡೊಮಿನಿಕನ್ ಸಂಘದವನು. ಕೆಲವು ವರ್ಷಗಳ ಹಿಂದೆ ಇಬ್ಬರೂ ಒಂದೇ ಕಾಲಕ್ಕೆ ರೋಮಿನ ಒಂದೇ ಸೆರೆಮನೆಯಲ್ಲಿದ್ದವರು.

ನ್ಯಾಯಾಧೀಶರೇನೂ ದಡ್ಡರಲ್ಲ. ರಾತ್ರಿ ಹೊತ್ತು ಸೆರೆಮನೆಯ ಓಣಿಯಲ್ಲಿ ಇಬ್ಬರು ಬರಹಗಾರರನ್ನು ಅಡಗಿಸಿಟ್ಟರು. ಕಾಂಪನೆಲ್ಲ ತನ್ನ ಜೊತೆಯ ಕೈದಿ, ಸನ್ಯಾಸಿ ಪಿಯೆತ್ರೊ ಪೊನ್ಸಿಯೊ ಎಂಬವನೊಡನೆ ಕಿಟಕಿಯಿಂದ ಕಿಟಕಿಗೆ ಆಡಿದ ಮಾತುಗಳು ಹೀಗೆ ಕಡತಕ್ಕೆ ಸೇರಿದವು. ಆ ಮಾತುಗಳಲ್ಲಿ ಹುಚ್ಚಿನ ಸುಳಿವೇ ಇಲ್ಲ. ಹಗಲು ಹುಚ್ಚ, ರಾತ್ರಿ ಸ್ವಸ್ಥ. ಕೊನೆಗೆ 1601ರ ಜೂನ್‌ನಲ್ಲಿ ‘ಜಾಗರಣೆ’ ಎಂಬ ಹೆಸರಿನ ಹಿಂಸೆಗೆ ಅವನನ್ನು ಒಡ್ಡಿದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಹಗ್ಗದಿಂದ ತೂಗುಹಾಕಿ, ಕೆಳಗೆ ಚೂಪು ಅಂಚಿನ ಮರದ ದಿಮ್ಮಿಯನ್ನಿಡುತ್ತಿದ್ದರು. ತೋಳಿನ ನೋವು ತಾಳಲಾರದೆ ಮೈಯಿಳಿಸಿದರೆ ಮರದ ಅಂಚು ತೊಡೆಯನ್ನು ಸೀಳುತ್ತಿತ್ತು. ಅದನ್ನು ತಪ್ಪಿಸಲು ಮೈಯೆತ್ತಿದರೆ ತೋಳಿನ ಕೀಲು ಕಳಚುತ್ತಿತ್ತು. ನಿದ್ದೆಗೆ ಆಸ್ಪದವಿರಲಿಲ್ಲ. ಸುಮಾರು ಒಂದೂವರೆ ದಿನ ಇದು ನಡೆಯಿತು. ವಿಚಾರಣೆಯ ಪ್ರಶ್ನೆಗಳಿಗೆ ‘ಹತ್ತು ಬಿಳಿ ಕುದುರೆಗಳು’ ಎಂಬಂಥ ಉತ್ತರಗಳಲ್ಲದೆ ಬೇರೇನೂ ಸಿಗಲಿಲ್ಲ. ಕಾನೂನಿನ ಪ್ರಕಾರ ಈಗ ಅವನು ಹುಚ್ಚನೆಂದು ಸಿದ್ಧವಾದಂತಾಯಿತು. ಹಗ್ಗ ಬಿಚ್ಚಿ ಅವನನ್ನು ಕೋಣೆಗೆ ಹೊತ್ತು ತರುತ್ತಿದ್ದ ಕಾವಲುಗಾರ, ಅವನು ತನ್ನ ಕಿವಿಯಲ್ಲಿ ಆಡಿದ ಮಾತೊಂದನ್ನು ಆಮೇಲೆ ವರದಿ ಮಾಡಿದ. ‘ನಾನು ಬಾಯಿಬಿಡುವಷ್ಟು ಮುಠ್ಠಾಳನೆಂದು ಇವರು ತಿಳಿದಿದ್ದರೇನು?’ ಎಂಬುದು ಅದರ ತಾತ್ಪರ್ಯ. ಮೂಲದಲ್ಲಿ ಬಳಸಿದ ಪದ ಇನ್ನೂ ಒರಟು. ಈ ದಾಖಲೆಗಳನ್ನು ಲುಯಿಜಿ ಅಮಾಬಿಲೆ ಎಂಬ ವಿದ್ವಾಂಸ 1882ರಲ್ಲಿ ನೇಪಲ್ಸಿನಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ್ದರಿಂದ ನಮಗೆ ಇಷ್ಟೆಲ್ಲ ಗೊತ್ತಾಗಿದೆ.

ಕಾಂಪನೆಲ್ಲ ಹುಟ್ಟಿದ್ದು 1568ರ ಸೆಪ್ಟೆಂಬರ್ 5ರಂದು, ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯ ಪ್ರಾಂತದ ಸ್ತೀಲೊ ಎಂಬಲ್ಲಿ. ತಂದೆ ಅಕ್ಷರ ಬಾರದ ಚಮ್ಮಾರ. ಓದಬೇಕೆಂಬ ಹುಡುಗನಿಗೆ ಆ ಕಾಲದಲ್ಲಿ ತೆರೆದಿದ್ದ ಬಾಗಿಲು ಮಠವೊಂದೇ. ಹದಿನಾಲ್ಕರ ಆಸುಪಾಸಿನಲ್ಲಿ ಡೊಮಿನಿಕನ್ ಸಂಘ ಸೇರಿ, ಥಾಮಸ್ ಅಕ್ವಿನಾಸನ ನೆನಪಿಗೆ ತೊಮ್ಮಾಸೊ ಎಂಬ ಹೆಸರಿಟ್ಟುಕೊಂಡ. ಮಠದಲ್ಲಿ ಕಲಿಸುತ್ತಿದ್ದುದು ಅರಿಸ್ಟಾಟಲನನ್ನು, ಅವನ ಭಾಷ್ಯಕಾರರನ್ನು, ಆ ಭಾಷ್ಯಕಾರರ ಭಾಷ್ಯಕಾರರನ್ನು. ಹುಡುಗನಿಗೆ ಅದು ರುಚಿಸಲಿಲ್ಲ. ಗುರುಗಳಿಗೆ ಎದುರು ಪ್ರಶ್ನೆ ಹಾಕುವುದೇ ಅವನ ಕೆಲಸವಾಯಿತು.

1588ರಲ್ಲಿ ಹಿರಿಯರು ಅವನನ್ನು ಕೊಸೆಂಜಾ ಪಟ್ಟಣಕ್ಕೆ ಕಳಿಸಿದರು. ಬೆರ್ನಾರ್ದಿನೊ ಟೆಲೆಸಿಯೊನ ಪುಸ್ತಕ ಅವನ ಕೈಗೆ ಬಂದದ್ದು ಅಲ್ಲಿ. ಪ್ರಕೃತಿಯನ್ನು ಅರಿಸ್ಟಾಟಲನ ಮಾತಿನ ಮೂಲಕವಲ್ಲ, ಪ್ರಕೃತಿಯದೇ ಆದ ತತ್ತ್ವಗಳ ಮೂಲಕ ತಿಳಿಯಬೇಕು ಎಂಬುದು ಟೆಲೆಸಿಯೊನ ಹಟ. ಬಿಸಿ ಮತ್ತು ತಂಪು ಎಂಬ ಎರಡು ಶಕ್ತಿಗಳು ಜಡದ್ರವ್ಯದ ಮೇಲೆ ಹಿಡಿತಕ್ಕಾಗಿ ನಡೆಸುವ ಜಗಳದಿಂದ ಎಲ್ಲವೂ ಹುಟ್ಟುತ್ತದೆ ಎಂದು ಆತ ವಾದಿಸಿದ್ದ. ಆ ಮುದುಕ ಅದೇ ಊರಿನಲ್ಲಿದ್ದ. ಆದರೂ ತರುಣ ಸನ್ಯಾಸಿಗೆ ಅವನನ್ನು ಕಾಣಲು ಅಪ್ಪಣೆ ಸಿಗಲಿಲ್ಲ; ಆ ಅಕ್ಟೋಬರಿನಲ್ಲೇ ಟೆಲೆಸಿಯೊ ತೀರಿಕೊಂಡ. ಇಗರ್ಜಿಯಲ್ಲಿ ಇರಿಸಿದ್ದ ಹೆಣದ ಬಳಿಗೆ ಹೋಗಿ, ಮುಖ ನೋಡಿ, ಚಟ್ಟಕ್ಕೆ ತಾನು ಬರೆದ ಪದ್ಯವೊಂದನ್ನು ಅಂಟಿಸಿ ಬಂದುದಷ್ಟೇ ಕಾಂಪನೆಲ್ಲನ ಭಾಗ್ಯ. ಟೆಲೆಸಿಯೊನ ಪಕ್ಷ ಹಿಡಿದು ಬರೆದ ಅವನ ಮೊದಲ ಪುಸ್ತಕ 1591ರಲ್ಲಿ ನೇಪಲ್ಸಿನಲ್ಲಿ ಅಚ್ಚಾಯಿತು, ಮರುವರ್ಷವೇ ಸಂಘದೊಳಗಿನ ವಿಚಾರಣೆಯೂ ಶುರುವಾಯಿತು.

ಗುರುವಿನಿಂದ ಶಿಷ್ಯ ಮುಂದೆ ಹೋದದ್ದು ಎಲ್ಲಿ ಎಂದರೆ, ಬಿಸಿ ಮತ್ತು ತಂಪುಗಳು ಒಂದನ್ನೊಂದು ಎದುರಿಸಬೇಕಾದರೆ ಒಂದಕ್ಕೆ ಇನ್ನೊಂದರ ಅರಿವು ಇರಲೇಬೇಕು ಎಂಬ ಮಾತನ್ನು ಆತ ಕೊನೆಯವರೆಗೆ ಎಳೆದುಕೊಂಡು ಹೋದ. ಸೆರೆಮನೆಯಲ್ಲಿ ಬರೆದು 1620ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದ, ವಸ್ತುಗಳ ಸಂವೇದನೆ ಮತ್ತು ಮಾಂತ್ರಿಕತೆಯನ್ನು ಕುರಿತ ಅವನ ಲ್ಯಾಟಿನ್ ಗ್ರಂಥದ ಮುಖ್ಯ ವಾದ ಇದು: ಕಲ್ಲಿಗೂ ನೀರಿಗೂ ಗಾಳಿಗೂ ಅವುಗಳದೇ ಮಟ್ಟದ ಸಂವೇದನೆ ಇದೆ, ಇಲ್ಲದಿದ್ದರೆ ತನಗೆ ಹಿತವಾದುದರ ಕಡೆಗೆ ಸರಿಯುವುದೂ ಕೇಡಿನಿಂದ ಹಿಂಜರಿಯುವುದೂ ಯಾವ ವಸ್ತುವಿಗೂ ಸಾಧ್ಯವಾಗದೆ ಜಗತ್ತು ಬರೀ ಗೊಂದಲವಾಗುತ್ತಿತ್ತು. ಅವನ ಒಂದು ಸಾನೆಟ್ಟಿನಲ್ಲಿ ಇಡೀ ಜಗತ್ತು ಒಂದು ದೊಡ್ಡ, ಪರಿಪೂರ್ಣ ಪ್ರಾಣಿ. ಮನುಷ್ಯರಾದ ನಾವು ಅದರ ಹೊಟ್ಟೆಯೊಳಗಿನ ಹುಳುಗಳು. ನಮ್ಮ ಹೊಟ್ಟೆಯ ಹುಳುವಿಗೆ ನಮಗೆ ಬುದ್ಧಿಯಿದೆ ಎಂದು ತಿಳಿಯದ ಹಾಗೆ ನಮಗೂ ಜಗತ್ತಿನ ಬುದ್ಧಿ ತಿಳಿಯದು. ಜೈನರ ಏಕೇಂದ್ರಿಯ ಜೀವಗಳ ಮಾತು ಕೇಳಿ ಬಲ್ಲ ನಮಗೆ ಈ ವಿಚಾರ ಅಷ್ಟೇನೂ ಹೊಸದಲ್ಲ. ಆದರೆ ಜೈನನಿಗೆ ಅದರಿಂದ ಹುಟ್ಟುವ ಅಹಿಂಸೆಯ ಹೊಣೆ ಕಾಂಪನೆಲ್ಲನಿಗೆ ಹುಟ್ಟುವುದಿಲ್ಲ. ಅವನ ಸೂರ್ಯನಗರದ ಜನ ಮೊದಲು ಪ್ರಾಣಿವಧೆ ಕ್ರೌರ್ಯವೆಂದು ಬಿಟ್ಟಿದ್ದರಂತೆ; ಸಂವೇದನೆಯುಳ್ಳ ಸಸ್ಯಗಳನ್ನು ಕೊಲ್ಲುವುದೂ ಕ್ರೌರ್ಯವೇ, ಹಾಗೆಂದು ಕುಳಿತರೆ ಉಪವಾಸ ಸಾಯಬೇಕಾದೀತು ಎಂದು ಹೊಳೆದ ಮೇಲೆ, ಕೀಳಾದುದು ಮೇಲಾದುದಕ್ಕಾಗಿಯೇ ಇದೆ ಎಂದು ತೀರ್ಮಾನಿಸಿ ಎಲ್ಲವನ್ನೂ ತಿನ್ನತೊಡಗಿದರಂತೆ.

ನೇಪಲ್ಸಿನಿಂದ ಫ್ಲಾರೆನ್ಸ್, ಬೊಲೊನ್ಯ, ಪಾದುವಾ ಎಂದು ಅಲೆದ ವರ್ಷಗಳನ್ನು ಇಲ್ಲಿ ಬೇಗನೆ ದಾಟುತ್ತೇನೆ. ಪಾದುವಾದಲ್ಲಿ ಗೆಲಿಲಿಯೋನ ಪರಿಚಯವಾಯಿತು, ಬಂಧನವೂ ಆಯಿತು. ಅಲ್ಲಿಂದ ರೋಮು, ಆಣೆ, ಮತ್ತೊಂದು ಬಂಧನ, ಕೊನೆಗೆ ಊರಿಗೆ ಹಿಂದಿರುಗಬೇಕೆಂಬ ಆಜ್ಞೆ. 1598ರಲ್ಲಿ ಸ್ತೀಲೊಗೆ ಮರಳಿದ ಕಾಂಪನೆಲ್ಲ ಕಂಡದ್ದು ಸ್ಪೇನಿನ ಆಳ್ವಿಕೆಯ ಕೆಳಗೆ ತೆರಿಗೆ, ಊರಜಗಳ, ಡಕಾಯಿತಿಗಳಿಂದ ಜರ್ಜರಿತವಾದ ಕಲಾಬ್ರಿಯವನ್ನು. ಏಳು ಮತ್ತು ಒಂಬತ್ತು ಎಂಬ ಎರಡು ಮಹಾಸಂಖ್ಯೆಗಳು ಸೇರಿ ಹದಿನಾರು ಆಗುತ್ತದೆ, ಆದ್ದರಿಂದ 1600ನೆಯ ವರ್ಷ ಲೋಕವೇ ಮಗುಚುತ್ತದೆ ಎಂದು ಆತ ಬೋಧಿಸಿದ. ಸನ್ಯಾಸಿಗಳು, ದೇಶಭ್ರಷ್ಟರು, ಕೆಲವು ಶ್ರೀಮಂತರು ಅವನ ಸುತ್ತ ಸೇರಿದರು. ಸ್ಪೇನನ್ನು ಹೊರಗಟ್ಟಿ ಬೆಟ್ಟದ ಮೇಲೆ ಗಣರಾಜ್ಯ ಕಟ್ಟುವ ಮಾತು ನಡೆಯಿತು. ಒಳಗಿನವರಿಬ್ಬರು ದೂರು ಕೊಟ್ಟರು. 1599ರ ಸೆಪ್ಟೆಂಬರಿನಲ್ಲಿ, ತಲೆಮರೆಸಿಕೊಂಡಿದ್ದ ಕಾಂಪನೆಲ್ಲ ಸಿಕ್ಕಿಬಿದ್ದ. ಕೈದಿಗಳನ್ನು ಹಡಗಿನಲ್ಲಿ ತುಂಬಿ ನೇಪಲ್ಸಿಗೆ ತಂದಾಗ, ಬಂದರಿನಲ್ಲಿ ನೆರೆದವರ ಕಣ್ಣೆದುರೇ ಕೆಲವರನ್ನು ಹಡಗಿನ ಅಡ್ಡಮರಕ್ಕೆ ನೇಣು ಹಾಕಿದರು. ನಕ್ಷತ್ರ ನೋಡಿ ದಂಗೆಗೆ ದಿನ ಗೊತ್ತುಮಾಡಿದವನನ್ನು ಮುತ್ಸದ್ದಿ ಎನ್ನುವುದು ಕಷ್ಟ. ಅವನ ಮಾತು ನಂಬಿ ಹೋದವರಿಗೆ ಹುಚ್ಚಿನ ದಾರಿಯೂ ಇರಲಿಲ್ಲ ಎಂಬುದನ್ನು ಅವನ ಅಭಿಮಾನಿಗಳು ಸಾಮಾನ್ಯವಾಗಿ ಒತ್ತಿ ಹೇಳುವುದಿಲ್ಲ.

ಕೊನೆಗೆ ಬಿದ್ದ ಶಿಕ್ಷೆ ಜೀವಾವಧಿ ಸೆರೆ. 1604ರಿಂದ ನಾಲ್ಕು ವರ್ಷಗಳ ಹತ್ತಿರ ಹತ್ತಿರ ಸಾಂತ್ ಎಲ್ಮೊ ಕೋಟೆಯ ನೆಲದಡಿಯ ಹಳ್ಳದಲ್ಲಿ ಕೈಕಾಲಿಗೆ ಸರಪಳಿ ಹಾಕಿ ಇಟ್ಟಿದ್ದರು. ಬೆಳಕಿಲ್ಲದ, ಸದಾ ಒದ್ದೆಯಾದ ಆ ಜಾಗವನ್ನು ಆತ ತನ್ನ ಕಾಕಸಸ್ ಎಂದು ಕರೆದ, ತನ್ನನ್ನು ಪ್ರೊಮಿಥಿಯಸ್ ಎಂದು (ಗ್ರೀಕ್ ಪುರಾಣದಲ್ಲಿ, ದೇವತೆಗಳಿಂದ ಬೆಂಕಿ ಕದ್ದುದಕ್ಕಾಗಿ ಕಾಕಸಸ್ ಬೆಟ್ಟದಲ್ಲಿ ಸರಪಳಿಗೆ ಸಿಕ್ಕವನು). ಉಳಿದ ಕಾಲದಲ್ಲಿ ಕಾವಲು ಒಮ್ಮೆ ಬಿಗಿ, ಒಮ್ಮೆ ಸಡಿಲ. ಸಡಿಲವಾದಾಗ ಬರೆಯುತ್ತಿದ್ದ, ಬರೆದದ್ದನ್ನು ಕಸಿದುಕೊಂಡರೆ ನೆನಪಿನಿಂದ ಮತ್ತೆ ಬರೆಯುತ್ತಿದ್ದ. 1613ರ ಸುಮಾರಿಗೆ ನೇಪಲ್ಸಿಗೆ ಬಂದ ಜರ್ಮನಿಯ ಟೋಬಿಯಾಸ್ ಅಡಾಮಿ ಹಸ್ತಪ್ರತಿಗಳನ್ನು ಒಯ್ದು ಫ್ರಾಂಕ್‌ಫರ್ಟಿನಲ್ಲಿ ಅಚ್ಚು ಹಾಕಿಸಿದ್ದರಿಂದ, ಕತ್ತಲ ಕೋಣೆಯಲ್ಲಿದ್ದವನ ಹೆಸರು ಪ್ರೊಟೆಸ್ಟೆಂಟ್ ನಾಡಿನಲ್ಲಿ ಹರಡಿತು.

‘ಸೂರ್ಯನಗರ’ವನ್ನು ಆತ ಇಟಾಲಿಯನ್ನಿನಲ್ಲಿ ಬರೆದದ್ದು 1602ರಲ್ಲಿ, ಅಂದರೆ ಆ ಹಿಂಸೆಯಾದ ಮರುವರ್ಷ. ಕೊಲಂಬಸನ ಹಡಗಿನಲ್ಲಿ ಚುಕ್ಕಾಣಿ ಹಿಡಿದಿದ್ದ ಜಿನೋವಾದ ನಾವಿಕನೊಬ್ಬ ತಾಪ್ರೊಬಾನ (ಪ್ರಾಚೀನ ಗ್ರೀಕರು ಸಿಂಹಳಕ್ಕೆ ಇಟ್ಟಿದ್ದ ಹೆಸರು) ದ್ವೀಪದಲ್ಲಿ ತಾನು ಕಂಡ ನಗರವನ್ನು ಬಣ್ಣಿಸುತ್ತಾನೆ. ಅಲ್ಲಿನ ಜನ ಮೊಘಲರ ಮತ್ತಿತರ ದರೋಡೆಗಾರರ, ದಬ್ಬಾಳಿಕೆಗಾರರ ಹಾವಳಿಯಿಂದ ಪಾರಾಗಿ ಇಂಡಿಯಾದಿಂದ ಓಡಿಬಂದವರು, ಅವರಲ್ಲಿ ಅನೇಕರು ದಾರ್ಶನಿಕರು ಎಂಬ ಮಾತು ಅದರಲ್ಲಿ ಬರುತ್ತದೆ. (ಅವನು ಇದನ್ನು ಬರೆಯುತ್ತಿದ್ದಾಗ ಆಗ್ರಾದಲ್ಲಿ ಆಳುತ್ತಿದ್ದವನು ನಾನಾ ಮತದವರನ್ನು ಕೂಡಿಸಿ ಚರ್ಚೆ ನಡೆಸಿದ ಅಕ್ಬರ್, ಆ ಸುದ್ದಿ ನೇಪಲ್ಸಿನ ಕೋಟೆಗೆ ಮುಟ್ಟಿರಲಿಕ್ಕಿಲ್ಲ.) ಗ್ರಹಗಳ ಹೆಸರಿನ ಏಳು ಸುತ್ತಿನ ಗೋಡೆ, ನಡುವೆ ದುಂಡನೆಯ ದೇವಾಲಯ. ಆಳುವವನು ‘ಸೂರ್ಯ’ ಎಂಬ ಪುರೋಹಿತ. ಅವನ ಕೆಳಗೆ ಶಕ್ತಿ, ಜ್ಞಾನ, ಪ್ರೀತಿ ಎಂಬ ಮೂವರು. ಇದ್ದದ್ದೆಲ್ಲವೂ ಇರಬಲ್ಲ ಶಕ್ತಿ, ತಾನಿರುವುದರ ಅರಿವು, ಇರವಿನ ಮೇಲಿನ ಪ್ರೀತಿ ಈ ಮೂರರಿಂದಲೇ ಆಗಿದೆ ಎಂಬ ಅವನ ತತ್ತ್ವಶಾಸ್ತ್ರವೇ ಇಲ್ಲಿ ಮಂತ್ರಿಮಂಡಲದ ರೂಪ ತಾಳಿದೆ.

ನಗರದ ಗೋಡೆಗಳೇ ಅಲ್ಲಿನ ಪಾಠಶಾಲೆ. ಮೊದಲ ಸುತ್ತಿನ ಒಳಮೈಯಲ್ಲಿ ಗಣಿತದ ಆಕೃತಿಗಳು, ಹೊರಮೈಯಲ್ಲಿ ಭೂಪಟ, ಒಂದೊಂದು ದೇಶದ ಲಿಪಿ ಮತ್ತು ಕಟ್ಟಳೆಗಳು. ಎರಡನೆಯದರಲ್ಲಿ ಕಲ್ಲು, ಲೋಹಗಳ ಚಿತ್ರದ ಪಕ್ಕದಲ್ಲೇ ಅವುಗಳ ತುಣುಕು. ಅದರ ಹೊರಗೆ ಗೋಡೆಯಲ್ಲಿ ಹುದುಗಿಸಿದ ಕುಪ್ಪಿಗಳಲ್ಲಿ ನೂರು, ಮುನ್ನೂರು ವರ್ಷ ಹಳೆಯ ದ್ರವಗಳು, ಕಾಯಿಲೆ ವಾಸಿಮಾಡಲು. ಮುಂದೆ ಗಿಡಮರ, ಮೀನು, ಹಕ್ಕಿ, ಹುಳ, ಪ್ರಾಣಿಗಳು. ಆರನೆಯ ಸುತ್ತಿನಲ್ಲಿ ಕೈಕಸುಬುಗಳೂ ಅವನ್ನು ಕಂಡುಹಿಡಿದವರೂ, ಮೋಸೆಸ್, ಮುಹಮ್ಮದ್, ಕ್ರಿಸ್ತ ಮೊದಲಾದ ಶಾಸನಕರ್ತರೂ. ಮಕ್ಕಳು ಆಡುತ್ತ, ಗೋಡೆಯ ಸುತ್ತ ನಡೆಯುತ್ತ ಹತ್ತು ವರ್ಷ ತುಂಬುವುದರೊಳಗೆ ಎಲ್ಲ ಕಲಿಯುತ್ತಾರೆ. ದಿನಕ್ಕೆ ನಾಲ್ಕು ಗಂಟೆ ದುಡಿದರೆ ಸಾಕು, ಏಕೆಂದರೆ ಎಲ್ಲರೂ ದುಡಿಯುತ್ತಾರೆ. ನೇಪಲ್ಸಿನ 70,000 ಜನರಲ್ಲಿ ದುಡಿಯುವವರು 10ರಿಂದ 15 ಸಾವಿರ, ಅವರು ದುಡಿದು ಸಾಯುತ್ತಾರೆ, ಉಳಿದವರು ಸೋಮಾರಿತನದಿಂದ ಕೆಡುತ್ತಾರೆ ಎಂದು ನಾವಿಕ ಲೆಕ್ಕ ಕೊಡುತ್ತಾನೆ. ಹೆಚ್ಚು ಕಸುಬು ಬಲ್ಲವನೇ ಅಲ್ಲಿ ಕುಲೀನ. ಕುಶಲಕರ್ಮಿಗಳನ್ನು ಕೀಳೆಂದೂ ಏನೂ ಮಾಡದೆ ಕೂತು ತಿನ್ನುವವರನ್ನು ಮೇಲೆಂದೂ ಕರೆಯುವ ನಮ್ಮನ್ನು ಕಂಡು ಆ ಜನ ನಗುತ್ತಾರೆ. ಚಮ್ಮಾರನ ಮಗನಲ್ಲದೆ ಬೇರೆ ಯಾರು ಆ ಸಾಲನ್ನು ಅಷ್ಟು ಹುರುಪಿನಿಂದ ಬರೆದಾರು ಎನಿಸುತ್ತದೆ.

ಇಷ್ಟು ಓದಿ ಮೆಚ್ಚಿಕೊಳ್ಳುವಷ್ಟರಲ್ಲಿ ಉಳಿದದ್ದು ಎದುರಾಗುತ್ತದೆ. ಸ್ವಂತ ಆಸ್ತಿಯಿಲ್ಲ, ಸ್ವಂತ ಮನೆಯಿಲ್ಲ. ಆರು ತಿಂಗಳಿಗೊಮ್ಮೆ ಯಾರು ಯಾವ ಕೋಣೆಯಲ್ಲಿ ಮಲಗಬೇಕೆಂದು ಮೇಲಿನವರು ಗೊತ್ತುಮಾಡುತ್ತಾರೆ. ಯಾರು ಯಾರನ್ನು ಕೂಡಬೇಕು, ಯಾವ ಗಳಿಗೆಯಲ್ಲಿ ಎಂಬುದನ್ನು ಪ್ರೀತಿಯ ಮಂತ್ರಿಯೂ ಜ್ಯೋತಿಷಿಗಳೂ ತೀರ್ಮಾನಿಸುತ್ತಾರೆ. ಚೆಲುವಾಗಿ ಕಾಣಲು ಮುಖಕ್ಕೆ ಬಣ್ಣ ಬಳಿದುಕೊಂಡ, ಎತ್ತರದ ಹಿಮ್ಮಡಿಯ ಮೆಟ್ಟು ಹಾಕಿದ ಹೆಂಗಸಿಗೆ ಮರಣದಂಡನೆ. ಜನ ತಮ್ಮ ಪಾಪಗಳನ್ನು ಅಧಿಕಾರಿಗಳಿಗೆ ಹೇಳಿಕೊಳ್ಳಬೇಕು, ಅಧಿಕಾರಿಗಳು ಅವನ್ನು ತಮ್ಮ ಮೇಲಿನವರಿಗೆ, ಅವರು ಸೂರ್ಯನಿಗೆ. ಹೀಗೆ ಊರಿನ ಒಳಮನಸ್ಸೆಲ್ಲ ಒಬ್ಬನ ಕಿವಿಗೆ ಹೋಗಿ ಸೇರುತ್ತದೆ. ಹಿಡಿದ ಶತ್ರುಗಳನ್ನು ಕೂಡಿಹಾಕುವ ಗೋಪುರ ಬಿಟ್ಟರೆ ನಗರದಲ್ಲಿ ಸೆರೆಮನೆ ಇಲ್ಲ. ಅದು ಬೇಕಾಗಿಯೂ ಇಲ್ಲ.

ನನ್ನನ್ನು ಕಾಡುವುದು ಇದು. ನ್ಯಾಯಾಧೀಶರ, ಗೂಢಚಾರ ಬರಹಗಾರರ ಕೈಗೆ ಸಿಗದ ಒಂದು ಒಳಗು ತನಗಿದ್ದುದರಿಂದ ಮಾತ್ರ ಬದುಕಿದವನು, ಅಂಥ ಒಳಗು ಯಾರಿಗೂ ಇರಲಾಗದ ಊರನ್ನು ಏಕೆ ಕಟ್ಟಿದ? ಅಲ್ಲಿ ಎಲ್ಲರೂ ಒಳ್ಳೆಯವರಾದ್ದರಿಂದ ಬಚ್ಚಿಡುವ ಅಗತ್ಯವೇ ಬೀಳುವುದಿಲ್ಲ ಎಂದು ಆತ ಹೇಳಬಹುದಿತ್ತು. ಆ ಉತ್ತರ ನನಗೆ ಒಪ್ಪಿಗೆಯಿಲ್ಲ. ಅವನನ್ನು ವಿಚಾರಿಸಿದ ಪವಿತ್ರ ಕಚೇರಿಯವರೂ, ಅಂದರೆ ಇನ್‌ಕ್ವಿಸಿಷನ್ನಿನವರೂ, ಇದನ್ನೇ ಹೇಳುತ್ತಿದ್ದರು. ಆದರೆ ಅದೇ ಪುಸ್ತಕದ ಕೊನೆಯಲ್ಲಿ, ನಕ್ಷತ್ರಗಳ ಪ್ರಭಾವದ ಚರ್ಚೆಯ ನಡುವೆ, ಒಂದು ಸಾಲು ಸುಮ್ಮನೆ ನುಸುಳಿಬಿಡುತ್ತದೆ: ನಲವತ್ತು ಗಂಟೆ ಹಿಂಸಿಸಿದರೂ ಹೇಳಬಾರದೆಂದು ನಿಶ್ಚಯಿಸಿದವನ ಬಾಯಿ ಬಿಡಿಸಲಾಗದಿದ್ದ ಮೇಲೆ, ದೂರದಿಂದ ಮೆಲ್ಲನೆ ವಾಲಿಸುವ ನಕ್ಷತ್ರಗಳು ಮನುಷ್ಯನ ಇಚ್ಛೆಯನ್ನು ಹೇಗೆ ಬಲವಂತಪಡಿಸಿಯಾವು? ಸ್ವತಂತ್ರ ಇಚ್ಛೆ ಇದೆಯೆಂಬುದಕ್ಕೆ ಪಂಡಿತರು ಕೊಟ್ಟ ಪ್ರಮಾಣಗಳು ಎಷ್ಟೋ ಇವೆ, ಆದರೆ ಸ್ವಂತ ತೋಳು ತೊಡೆಗಳನ್ನೇ ಪ್ರಮಾಣವಾಗಿ ಒಡ್ಡಿದವರು ವಿರಳ. ಆ ನಗರದಲ್ಲಿ ಅಂಥ ನಿಶ್ಚಯಕ್ಕೆ ಎಡೆಯೇ ಇಲ್ಲ ಎಂಬುದು ಬರೆದವನಿಗೆ ಕಾಣದೆ ಹೋಯಿತೆಂದು ತೋರುತ್ತದೆ.

ಅದು ಕಂಡದ್ದು 1616ರಲ್ಲಿ, ಇನ್ನೊಬ್ಬನ ಪರವಾಗಿ ಬರೆಯುವಾಗ. ಭೂಮಿ ಚಲಿಸುತ್ತದೆ ಎಂಬ ಮತವನ್ನು ರೋಮು ನಿಷೇಧಿಸಿದ ಆ ವರ್ಷ ಕಾಂಪನೆಲ್ಲ ಸೆರೆಯಿಂದಲೇ ‘ಗೆಲಿಲಿಯೋನ ಸಮರ್ಥನೆ’ಯನ್ನು ಬರೆದ, 1622ರಲ್ಲಿ ಅದು ಫ್ರಾಂಕ್‌ಫರ್ಟಿನಲ್ಲಿ ಹೊರಬಂತು. ಇದರ ವಿಶೇಷವೆಂದರೆ, ಕೊಪರ್ನಿಕಸನ ವ್ಯವಸ್ಥೆ ಅವನ ಸ್ವಂತ ಸಿದ್ಧಾಂತಕ್ಕೆ ಅನುಕೂಲವಾಗಿರಲಿಲ್ಲ. ತಂಪಾದ ಭೂಮಿ ನಡುವೆ ನಿಶ್ಚಲ, ಬಿಸಿಯಾದ ಸೂರ್ಯ ಚಲಿಸುವವನು ಎಂಬ ಟೆಲೆಸಿಯೊನ ಚಿತ್ರದ ಮೇಲೆ ಅವನ ಭೌತಶಾಸ್ತ್ರ ನಿಂತಿತ್ತು. ಹಾಗಿದ್ದೂ ಅವನ ವಾದ, ದೇವರು ಬರೆದ ಪುಸ್ತಕಗಳು ಎರಡು, ಒಂದು ಬೈಬಲ್, ಇನ್ನೊಂದು ಪ್ರಕೃತಿ. ಎರಡನೆಯದನ್ನು ಓದಬೇಡವೆನ್ನುವವನು ಕ್ರೈಸ್ತನಾಗಿರುವುದನ್ನೇ ಬೇಡವೆಂದಂತೆ. ನಾಳೆ ಗೆಲಿಲಿಯೋನ ಮಾತೇ ನಿಜವಾದರೆ ರೋಮು ನಗೆಪಾಟಲಾಗುತ್ತದೆ. ಒಪ್ಪದ ಮತವನ್ನು ಆಡುವ ಹಕ್ಕಿಗಾಗಿ, ಜೀವಾವಧಿ ಕೈದಿಯೊಬ್ಬ, ತನ್ನನ್ನು ಬಿಡಿಸಬಹುದಾದ ಅಧಿಕಾರಿಗಳ ಎದುರು ಬರೆದ ಬರಹ ಇದು. ಅವನ ಬರಹಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೆ, ಸೂರ್ಯನಗರಕ್ಕಲ್ಲ. 1632ರಲ್ಲಿ ಗೆಲಿಲಿಯೋನ ಪುಸ್ತಕದ ವಿಚಾರಣೆಗೆ ಸಮಿತಿ ಕೂಡಿದಾಗಲೂ, ಅದರಲ್ಲಿ ಗಣಿತ ಬಲ್ಲವರಿಲ್ಲ, ತನ್ನನ್ನೂ ಸೇರಿಸಿಕೊಳ್ಳುವಂತೆ ಕೇಳು ಎಂದು ಅವನು ಗೆಲಿಲಿಯೋಗೆ ಪತ್ರ ಬರೆದಿದ್ದ.

ಅಷ್ಟರಲ್ಲಿ ಅವನೇ ಹೊರಗೆ ಬಂದಿದ್ದ. 1626ರ ಮೇ ತಿಂಗಳಲ್ಲಿ ನೇಪಲ್ಸಿನಿಂದ ಬಿಡುಗಡೆಯಾಗಿ, ರೋಮಿನಲ್ಲಿ ಇನ್‌ಕ್ವಿಸಿಷನ್ನಿನ ವಶದಲ್ಲಿ ಮತ್ತೆರಡು ವರ್ಷ ಕಳೆದ ಮೇಲೆ ಅವನಿಗೆ ಸಿಕ್ಕ ಆಶ್ರಯ ಸ್ವತಃ ಪೋಪ್ ಎಂಟನೆಯ ಅರ್ಬನ್‌ನದು. ಗ್ರಹಣದ ಫಲವಾಗಿ ಪೋಪ್ ಸಾಯುತ್ತಾನೆಂದು ಜ್ಯೋತಿಷಿಗಳು ಹಬ್ಬಿಸಿದ್ದರು, ಪೋಪನೂ ಹೆದರಿದ್ದ. ಕಾಂಪನೆಲ್ಲ ಅವನೊಡನೆ ಕೋಣೆಯೊಂದನ್ನು ಹೊರಗಿನ ಗಾಳಿ ಬಾರದಂತೆ ಮುಚ್ಚಿ, ಸುವಾಸನೆಯ ದ್ರವ ಚಿಮುಕಿಸಿ, ಲಾರೆಲ್, ರೋಸ್‌ಮರಿ ಸೊಪ್ಪುಗಳ ಧೂಪ ಹಾಕಿ, ಬಿಳಿಯ ಬಟ್ಟೆಗಳನ್ನು ಇಳಿಬಿಟ್ಟು, ಸೂರ್ಯ ಚಂದ್ರರಿಗೆ ಎರಡು ದೀಪ, ಉಳಿದ ಗ್ರಹಗಳಿಗೆ ಐದು ಪಂಜು ಹಚ್ಚಿ, ಶುಭಗ್ರಹಗಳಾದ ಗುರು ಶುಕ್ರರಿಗೆ ಒಪ್ಪುವ ಸಂಗೀತ ನುಡಿಸಿದ. ಕೆಟ್ಟ ಆಕಾಶಕ್ಕೆ ಬದಲಾಗಿ ಕೋಣೆಯೊಳಗೊಂದು ಒಳ್ಳೆಯ ಆಕಾಶ. ಅರ್ಬನ್ ಬದುಕಿದ. ಆ ವಿಧಿಯ ವಿವರ 1629ರಲ್ಲಿ ಲಿಯಾನ್‌ನಲ್ಲಿ ಅಚ್ಚಾಗಿ ಬಯಲಾದಾಗ ಪೋಪನಿಗೆ ಮುಜುಗರವಾಯಿತು, 1631ರಲ್ಲಿ ಜ್ಯೋತಿಷ್ಯವನ್ನು ಖಂಡಿಸಿ ಆಜ್ಞಾಪತ್ರವನ್ನೇ ಹೊರಡಿಸಿದ.

1634ರಲ್ಲಿ ನೇಪಲ್ಸಿನಲ್ಲಿ ಅವನ ಶಿಷ್ಯನೊಬ್ಬನ ಮೇಲೆ ಮತ್ತೊಂದು ಸಂಚಿನ ಆರೋಪ ಬಂದು, ಸ್ಪೇನಿನವರು ಗುರುವನ್ನೂ ಒಪ್ಪಿಸಿರೆಂದು ಕೇಳತೊಡಗಿದಾಗ, ಫ್ರಾನ್ಸಿನ ರಾಯಭಾರಿಯ ನೆರವಿನಿಂದ ಬೇರೆ ಹೆಸರು ಹೇಳಿಕೊಂಡು ಆತ ರೋಮಿನಿಂದ ಪಾರಾದ. ಪ್ಯಾರಿಸಿನಲ್ಲಿ ರಾಜ ಹದಿಮೂರನೆಯ ಲೂಯಿಯೂ ಅವನ ಪ್ರಧಾನಮಂತ್ರಿ ರಿಶೆಲ್ಯುವೂ ಅವನನ್ನು ಬರಮಾಡಿಕೊಂಡರು. ಮೊದಲು ಸ್ಪೇನಿನ ರಾಜನ ಕೈಯಲ್ಲಿ ಲೋಕ ಒಂದಾಗುತ್ತದೆ ಎಂದು ಬರೆದವನು ಈಗ ಫ್ರಾನ್ಸಿನ ರಾಜನ ಕೈಯಲ್ಲಿ ಒಂದಾಗುತ್ತದೆ ಎಂದು ಬರೆದ. ಇದು ಅವಕಾಶವಾದವೋ, ಒಂದೇ ಕನಸಿಗೆ ಬೇರೆ ಬೇರೆ ವಾಹನ ಹುಡುಕಿದ್ದೋ ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.

18 ಭಾಗಗಳ ಅವನ ‘ಮೆಟಾಫಿಸಿಕಾ’ 1638ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾಯಿತು. ಎಲ್ಲ ಜ್ಞಾನದ ಬಗೆಗಿನ ಸಂದೇಹಗಳ ದೊಡ್ಡ ಪಟ್ಟಿಯೊಂದಿಗೆ ಅದು ಆರಂಭವಾಗುತ್ತದೆ. ತಪ್ಪು ತಿಳಿಯುವವನಾದರೂ ನಾನು ಇದ್ದೇನೆ ಎಂಬ ಸಂತ ಆಗಸ್ಟೀನನ ಮಾತಿನಲ್ಲಿ ನೆಲೆ ಕಾಣುತ್ತದೆ. ಪ್ರತಿಯೊಂದು ಜೀವಕ್ಕೂ ತನ್ನ ಬಗ್ಗೆ ಹುಟ್ಟಿನಿಂದಲೇ ಒಂದು ಗುಪ್ತ ಅರಿವು ಇದೆ, ಹೊರಗಿನ ವಸ್ತುಗಳಿಂದ ಬಂದು ಸೇರುವ ತಿಳಿವು ಅದರ ಮೇಲೆ ಕವಿದು ಅದನ್ನು ಮರೆಸುತ್ತದೆ, ಆದರೆ ಅಳಿಸಲಾರದು ಎಂಬ ಅಲ್ಲಿನ ಸಿದ್ಧಾಂತವನ್ನು, ಹುಚ್ಚನ ಮಾತಿನ ಅಡಿಯಲ್ಲಿ ತನ್ನ ಅರಿವನ್ನು ಅಷ್ಟು ಕಾಲ ಅಡಗಿಸಿಟ್ಟವನ ಅನುಭವದಿಂದ ಬೇರ್ಪಡಿಸಿ ಓದುವುದು ನನ್ನಿಂದಾಗದು. ಹಿಂದಿನ ವರ್ಷವಷ್ಟೇ ಫ್ರಾನ್ಸಿನ ದಾರ್ಶನಿಕ ಡೆಕಾರ್ಟೆ ‘ನಾನು ಆಲೋಚಿಸುತ್ತೇನೆ, ಆದ್ದರಿಂದ ಇದ್ದೇನೆ’ ಎಂದು ಪ್ರಕಟಿಸಿದ್ದ. ಮೆರ್ಸೆನ್ ಎಂಬ ಪಾದ್ರಿ ಕಾಂಪನೆಲ್ಲನ ಗ್ರಂಥವನ್ನು ಕಳಿಸಲೇ ಎಂದು ಕೇಳಿದಾಗ ಡೆಕಾರ್ಟೆ ಬೇಡವೆಂದ. ಅವನ ಪ್ರಪಂಚದಲ್ಲಿ ಕಲ್ಲಿಗೆ ಸಂವೇದನೆ ಇರಲಿ, ನಾಯಿಗೂ ಇರಲಿಲ್ಲ. ಮುಂದಿನ ನೂರಾರು ವರ್ಷ ಯುರೋಪು ಹಿಡಿದದ್ದು ಡೆಕಾರ್ಟೆಯ ದಾರಿಯನ್ನು.

1638ರ ಸೆಪ್ಟೆಂಬರ್ 5ರಂದು, ಕಾಂಪನೆಲ್ಲನಿಗೆ 70 ತುಂಬಿದ ದಿನವೇ, ಹದಿನಾಲ್ಕನೆಯ ಲೂಯಿ ಹುಟ್ಟಿದ. ಮುದುಕ ಸನ್ಯಾಸಿ ಶಿಶುವಿನ ಜಾತಕ ಬರೆದು, ಹೊಸ ಯುಗದ ಬರವನ್ನು ಸಾರುವ ಲ್ಯಾಟಿನ್ ಪದ್ಯವನ್ನೂ ಕಟ್ಟಿದ. 1639ರ ಜೂನ್ 1ರ ಸೂರ್ಯಗ್ರಹಣ ತನಗೆ ಕೇಡೆಂದು ಅವನೇ ಗಣಿಸಿದ್ದ. ನಕ್ಷತ್ರಗಳು ಇಚ್ಛೆಯನ್ನು ಬಲವಂತಪಡಿಸಲಾರವು ಎಂದು ಬರೆದವನು ಹೀಗೆ ಹೆದರಿದ್ದನ್ನು ನೋಡಿ ನಗಬೇಕಾಗಿಲ್ಲ. ಅವನ ಪ್ರಕಾರ ಅವು ಮುಟ್ಟುವುದು ಗಾಳಿಯನ್ನು, ಗಾಳಿಯ ಮೂಲಕ ಮೈಯನ್ನು, ಮೈಗೆ ಮದ್ದು ಮಾಡುವುದು ವೈದ್ಯನ ಕೆಲಸದಂತೆಯೇ ನ್ಯಾಯವಾದದ್ದು. ಪ್ಯಾರಿಸಿನ ಸೇಂಟ್ ಒನೊರೆ ಬೀದಿಯ ಮಠದ ತನ್ನ ಕೋಣೆಯಲ್ಲಿ ಆತ ಪೋಪನಿಗೆ ಮಾಡಿದ ವಿಧಿಯನ್ನೇ ತನಗೂ ಮಾಡಿಕೊಂಡ. ಮೇ 21ರಂದು, ಗ್ರಹಣಕ್ಕೆ ಇನ್ನೂ ಹನ್ನೊಂದು ದಿನ ಇರುವಾಗ, ತೀರಿಕೊಂಡ. ತನ್ನ ಬರಹಗಳನ್ನೆಲ್ಲ ಹತ್ತು ಸಂಪುಟಗಳಲ್ಲಿ ಹೊರತರಬೇಕೆಂದು ಆತ ಹಾಕಿಕೊಂಡಿದ್ದ ಯೋಜನೆ ಅಲ್ಲಿಗೇ ನಿಂತಿತು. ಸೆರೆಯಲ್ಲಿ ಬರೆದ 30 ಭಾಗಗಳ ದೇವತಾಶಾಸ್ತ್ರ ಅಚ್ಚಿಗೆ ಹೋಗತೊಡಗಿದ್ದು 20ನೆಯ ಶತಮಾನದಲ್ಲಿ.